ಒಂದೇ ಸೀಮೆ, ಮೂರು ದಾರಿ: ರಾಜಕೀಯ ಹಿಂಸೆಯ ಅಧ್ಯಯನ

ರಾಜಕೀಯ ಹಿಂಸೆಯನ್ನು ಕುರಿತ ಅಧ್ಯಯನಗಳು ಎಲ್ಲಿಂದ ಹೊರಟರೂ ಕೊನೆಗೆ ಒಂದು ಪ್ರಶ್ನೆಗೆ ಬಂದು ಸೇರುತ್ತವೆ. ಅನ್ಯಾಯಕ್ಕೆ ಒಳಗಾದವರು ಸಾವಿರಾರು ಮಂದಿ ಇರುತ್ತಾರೆ. ಆಯುಧ ಹಿಡಿಯುವವರು ಕೆಲವೇ ಕೆಲವರು. ಅದೂ ಎಲ್ಲ ಕಾಲದಲ್ಲಿ ಅಲ್ಲ, ಎಲ್ಲ ಊರುಗಳಲ್ಲೂ ಅಲ್ಲ. ಹಾಗಿದ್ದರೆ ಅಸಮಾಧಾನ ಹಿಂಸೆಯಾಗಿ ತಿರುಗುವುದು ಯಾವಾಗ, ಯಾರ ಮೂಲಕ, ಏತಕ್ಕಾಗಿ?

ಇದಕ್ಕೆ ಉತ್ತರ ಹುಡುಕಲು, ಒಂದೇ ಬಗೆಯ ತಕರಾರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಾರಿ ಹಿಡಿದ ಪ್ರದೇಶವೊಂದು ಸಿಕ್ಕರೆ ಅನುಕೂಲ. ಕರ್ನಾಟಕದಲ್ಲಿ, ನಗರ ಎಂಬ ಊರಿನಿಂದ ಹೆಸರು ಪಡೆದ ಹಳೆಯ ನಗರ ಸೀಮೆ ಅಂಥ ಪ್ರದೇಶ. ಇಂದಿನ ಶಿವಮೊಗ್ಗ ಜಿಲ್ಲೆಯ ಬಹುಭಾಗ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಭಾಗ ಈ ಸೀಮೆಗೆ ಸೇರಿದ್ದವು. ಮಲೆನಾಡು ಮುಗಿದು ಬಯಲು ಸೀಮೆ ತೆರೆದುಕೊಳ್ಳುವ ತರೀಕೆರೆ ಅದರ ಅಂಚಿನಲ್ಲಿದೆ. ಇಲ್ಲಿ 1830ರಲ್ಲಿ ಸಶಸ್ತ್ರ ದಂಗೆ ಎದ್ದಿತು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. 2000ದ ದಶಕದಲ್ಲಿ ನಕ್ಸಲ್ ಚಳವಳಿ ಇದೇ ಕಾಡುಗಳಲ್ಲಿ ಕಾಣಿಸಿಕೊಂಡಿತು. ಮೂರರ ಬುಡದಲ್ಲೂ ಇದ್ದದ್ದು ಭೂಮಿಯ ಪ್ರಶ್ನೆ.

ಮೊದಲನೆಯದು ನಗರದ ದಂಗೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಒಡೆಯರ ಮನೆತನಕ್ಕೆ ಮರಳಿತು. ಅದಕ್ಕೆ ಪ್ರತಿಯಾಗಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ತೆರುವ ಕರಾರಿಗೆ ಸಂಸ್ಥಾನ ಕಟ್ಟುಬಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ತುಂಬಿದ್ದ ಬೊಕ್ಕಸ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕ್ರಮೇಣ ಬರಿದಾಯಿತು. ಕಂದಾಯ ವಸೂಲಿಗೆ ಶರ್ತು ಪದ್ಧತಿ ಬಂತು. ಇಂತಿಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಅದು ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಮಳೆ ಹೋದರೂ ಬೆಳೆ ಕೆಟ್ಟರೂ ಶರ್ತು ಬದಲಾಗದು. ಹೀಗಾಗಿ ಅಮಲ್ದಾರ ಗೌಡರನ್ನು ಹಿಂಡಿದ, ಗೌಡರು ಒಕ್ಕಲುಗಳನ್ನು ಹಿಂಡಿದರು.

ನಗರದ ಫೌಜುದಾರಿ, ಅಂದರೆ ಆ ಸೀಮೆಯ ಆಡಳಿತ, ಬಹುಕಾಲ ರಾಮರಾಯ ಎಂಬ ಅಧಿಕಾರಿಯ ಮತ್ತು ಅವನ ನೆಂಟರಿಷ್ಟರ ಹಿಡಿತದಲ್ಲಿತ್ತು. 1820ರ ದಶಕದ ಕೊನೆಗೆ ಅರಮನೆಯ ಸಂಬಂಧಿ ವೀರರಾಜೇ ಅರಸು ಫೌಜುದಾರನಾಗಿ ಬಂದ. ಕಂದಾಯದ ಲೆಕ್ಕದಲ್ಲಿ ಮೋಸ ನಡೆದಿದೆಯೆಂಬ ಗುಮಾನಿಯಿಂದ ತನಿಖೆ ಶುರುಮಾಡಿ, ಹಿಂದಿನವರು ಬಿಟ್ಟುಕೊಟ್ಟಿದ್ದ ರಿಯಾಯಿತಿಗಳನ್ನು ಮತ್ತೆ ವಸೂಲಿಗೆ ಹಚ್ಚಿದ. ಇದರಿಂದ ಎರಡು ವರ್ಗದವರು ಒಟ್ಟಿಗೆ ಬೆದರಿದರು. ಅಧಿಕಾರ ಕಳೆದುಕೊಳ್ಳುವ ಭಯ ಹಳೆಯ ನೌಕರರಿಗೆ, ತೀರಿತೆಂದುಕೊಂಡ ಬಾಕಿ ಮತ್ತೆ ತಲೆಯ ಮೇಲೆ ಬೀಳುವ ಭಯ ಗೌಡರಿಗೂ ರೈತರಿಗೂ.

ಇದೇ ಹೊತ್ತಿಗೆ ಬೂದಿ ಬಸವಪ್ಪ ಎಂಬಾತ ತಾನು ಹಿಂದೆ ನಗರವನ್ನು ಆಳಿದ್ದ ಕೆಳದಿ ಅರಸರ ವಂಶದವನು, ನಗರದ ಸಿಂಹಾಸನಕ್ಕೆ ಹಕ್ಕುದಾರನು ಎಂದು ಹೇಳಿಕೊಂಡು ಹೊರಟ. ಅವನ ನಿಜವಾದ ಹೆಸರು ಸಾದರ ಮಲ್ಲ. ನಗರದ ಕೊನೆಯ ಅರಸರ ಬಳಿ ಇದ್ದ ಜಂಗಮನೊಬ್ಬನಿಂದ ಅರಮನೆಯ ಮುದ್ರೆಗಳು ಅವನ ಕೈಸೇರಿದ್ದವು. ತನ್ನನ್ನು ಒಪ್ಪಿಕೊಂಡರೆ ಹಳೆಯ ಬಾಕಿಯೆಲ್ಲ ಮಾಫಿ, ಕಂದಾಯದಲ್ಲಿ ದೊಡ್ಡ ಕಡಿತ ಎಂದು ಅವನು ಮಾತು ಕೊಟ್ಟ. 1830ರಲ್ಲಿ ಊರೂರಿನ ಗೌಡರು ಪತ್ರ ಕಳುಹಿಸಿಕೊಂಡು ಕೂಟ ಸೇರಿದರು. ತರೀಕೆರೆಯ ಹಳೆಯ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕ ದಂಗೆಯನ್ನು ಸೇರಿಕೊಂಡ. ಬಸವಾಪಟ್ಟಣದಿಂದ ಸಂತೇಬೆನ್ನೂರಿಗೆ, ಅಲ್ಲಿಂದ ತರೀಕೆರೆಗೆ ಬಂದು ನೆಲೆಸಿದ್ದ ಆ ಮನೆತನಕ್ಕೆ ಹೈದರನ ಕಾಲದಿಂದ ಆಳುವ ಅಧಿಕಾರ ತಪ್ಪಿಹೋಗಿತ್ತು.

ಅರಸರ ಸೇನೆ ದಂಗೆಯನ್ನು ಕಠಿಣವಾಗಿ ಹತ್ತಿಕ್ಕಲು ನೋಡಿತು. ಸಿಕ್ಕವರನ್ನು ಗಲ್ಲಿಗೇರಿಸಿದ್ದರಿಂದ ದಂಗೆ ಅಡಗುವ ಬದಲು ಹರಡಿತು. ಕೊನೆಗೆ ಕಂಪನಿಯ ದಂಡು ಬಂದು 1831ರ ಜೂನ್‌ನಲ್ಲಿ ನಗರದ ಕೋಟೆ ಹಿಡಿಯಿತು. ಅಳಿದುಳಿದ ಗುಂಪುಗಳು ಕಾಡು ಸೇರಿ ಇನ್ನೂ ಕೆಲಕಾಲ ಕಾದಾಡಿದವು. ಸರ್ಜಾ ಹನುಮಪ್ಪ ನಾಯಕ ಸೆರೆಸಿಕ್ಕಿ 1834ರಲ್ಲಿ ಗಲ್ಲಿಗೇರಿದ. ಅಷ್ಟರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ದಂಗೆಯನ್ನು ಕಾರಣವಾಗಿ ತೋರಿಸಿ 1831ರ ಅಕ್ಟೋಬರ್‌ನಲ್ಲಿ ಮೈಸೂರಿನ ಆಡಳಿತವನ್ನೇ ವಶಕ್ಕೆ ತೆಗೆದುಕೊಂಡಾಗಿತ್ತು. ಅದು ಒಡೆಯರಿಗೆ ಮರಳಲು 1881ರವರೆಗೆ ಕಾಯಬೇಕಾಯಿತು.

ದಂಗೆಯ ಕಾರಣಗಳನ್ನು ವಿಚಾರಿಸಲು ಒಂದು ಸಮಿತಿ ನೇಮಕವಾಯಿತು. ಮೇಜರ್ ಜನರಲ್ ಹಾಕರ್, ಕರ್ನಲ್ ಮಾರಿಸನ್, ಮೆಕ್ಲಿಯಡ್ ಮತ್ತು ಮುಂದೆ ಮೈಸೂರಿನ ಕಮಿಷನರ್ ಆಗಿ ಹೆಸರಾದ ಮಾರ್ಕ್ ಕಬ್ಬನ್ ಅದರ ಸದಸ್ಯರು. 1833ರ ಡಿಸೆಂಬರ್‌ನಲ್ಲಿ ವರದಿ ಬಂತು. ಕಂದಾಯದ ಪದ್ಧತಿ, ಅಧಿಕಾರಿಗಳ ಸುಲಿಗೆ, ರಾಮರಾಯನ ಕಡೆಯವರ ಒಳಸಂಚು, ಬೂದಿ ಬಸವಪ್ಪನ ಹಕ್ಕು ಸಾಧನೆ, ಪಾಳೆಯಗಾರರ ಹಳೆಯ ಸೇಡು ಎಲ್ಲವನ್ನೂ ಅದು ಬಿಡಿಸಿಟ್ಟಿತು. ಕನ್ನಡ ನಾಡಿನಲ್ಲಿ ರಾಜಕೀಯ ಹಿಂಸೆಯ ಕಾರಣಗಳನ್ನು ಕ್ರಮವಾಗಿ ಹುಡುಕಿದ ಆರಂಭದ ದೊಡ್ಡ ದಾಖಲೆಗಳಲ್ಲಿ ಇದೂ ಒಂದು.

ಈ ವರದಿಯನ್ನು ಓದುವಾಗ ಅದನ್ನು ಬರೆಸಿದವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ರಾಜ್ಯವನ್ನು ಆಗಲೇ ವಶಪಡಿಸಿಕೊಂಡಿದ್ದ ಅಧಿಕಾರವೇ ವಿಚಾರಣೆ ನಡೆಸಿತ್ತು. ಅರಸರ ದುರಾಡಳಿತ ಹೆಚ್ಚಾಗಿ ಕಂಡಷ್ಟೂ ಆ ಕ್ರಮಕ್ಕೆ ಸಮರ್ಥನೆ ಹೆಚ್ಚುತ್ತಿತ್ತು. ಹಾಗಿದ್ದೂ ಮೊದಲು ಕೇಳಿಬಂದ ಆರೋಪಗಳಷ್ಟು ಪರಿಸ್ಥಿತಿ ಕೆಟ್ಟಿರಲಿಲ್ಲವೆಂಬುದು ವಿಚಾರಣೆಯಿಂದಲೇ ಹೊರಬಂತು. ಬೆಂಟಿಂಕ್ ಕೂಡ ಆಮೇಲೆ ತನ್ನ ನಿರ್ಧಾರದ ಬಗ್ಗೆ ಅಳುಕು ತೋರಿದ. ಶರ್ತು ಪದ್ಧತಿಗೆ ತಳ್ಳಿದ ಒತ್ತಡದಲ್ಲಿ ಕಂಪನಿಗೆ ತೆರಬೇಕಾಗಿದ್ದ 7 ಲಕ್ಷ ವರಹದ ಪಾಲೂ ಇತ್ತು.

ಹಿಂಸೆಯ ಅಧ್ಯಯನದಲ್ಲಿ ಈ ತೊಡಕು ಇಂದಿಗೂ ಹೋಗಿಲ್ಲ. ಗೆದ್ದವರ ಕಡತಗಳು ಉಳಿಯುತ್ತವೆ, ಸೋತವರ ಮಾತು ಪೊಲೀಸರ ಹೇಳಿಕೆಗಳಲ್ಲಿ, ನ್ಯಾಯಾಲಯದ ದಾಖಲೆಗಳಲ್ಲಿ, ಜನಪದರ ನೆನಪಿನಲ್ಲಿ ತುಣುಕಾಗಿ ಸಿಗುತ್ತದೆ. ಆಳುವವರು ಬರೆದ ಕಡತದೊಳಗಿಂದಲೇ ಬಂಡೆದ್ದವರ ಯೋಚನೆಯನ್ನು ಹೇಗೆ ಹೆಕ್ಕಿ ತೆಗೆಯಬಹುದು ಎಂಬುದನ್ನು ಇತಿಹಾಸಕಾರ ರಣಜಿತ್ ಗುಹಾ 1983ರಲ್ಲಿ ವಸಾಹತು ಭಾರತದ ರೈತ ದಂಗೆಗಳನ್ನು ಕುರಿತ ಗ್ರಂಥದಲ್ಲಿ ತೋರಿಸಿದರು. 1985ರಲ್ಲಿ ಬರ್ಟನ್ ಸ್ಟೈನ್ ಮೈಸೂರಿನ ಈ ದಂಗೆಯ ಮೇಲೆಯೇ ಲೇಖನ ಬರೆದು, ಇದಕ್ಕೆ ಅಂಟಿದ್ದ ‘ರೈತ ದಂಗೆ’ ಎಂಬ ಹಣೆಪಟ್ಟಿಯನ್ನು ಪ್ರಶ್ನೆಗೆ ಒಡ್ಡಿದರು. ಕೂಟ ಕಟ್ಟಿದ ಗೌಡರು ಊರಿನಲ್ಲಿ ಅನುಕೂಲಸ್ಥರು, ಮುಂದೆ ನಿಂತವರಲ್ಲಿ ಹಳೆಯ ಪಾಳೆಯಗಾರರಿದ್ದರು. ಬಡ ಒಕ್ಕಲು ಅವರ ಹಿಂದೆ ಏಕೆ ಹೋದ ಎಂಬುದನ್ನು ಬೇರೆಯಾಗಿಯೇ ವಿವರಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಸಮಾಜ ವಿಜ್ಞಾನ ಇಂಥ ವಿವರಣೆಗೆ ಕೆಲವು ಸಾಧನಗಳನ್ನು ಒದಗಿಸಿತು. ಅಮೆರಿಕದ ಟೆಡ್ ಗರ್ 1970ರಲ್ಲಿ ಹೇಳಿದ್ದು ಇದು: ಬಡತನ ತಾನಾಗಿ ದಂಗೆ ಎಬ್ಬಿಸುವುದಿಲ್ಲ, ತಮಗೆ ನ್ಯಾಯವಾಗಿ ಸಲ್ಲಬೇಕಾದದ್ದು ಇಷ್ಟು ಎಂದು ಜನ ಭಾವಿಸುವುದಕ್ಕೂ ತಮಗೆ ದಕ್ಕುವುದು ಇಷ್ಟೇ ಎಂದು ಕಾಣುವುದಕ್ಕೂ ನಡುವಿನ ಅಂತರ ಹಿಗ್ಗಿದಾಗ ಸಿಟ್ಟು ಹುಟ್ಟುತ್ತದೆ. ನಗರದಲ್ಲಿ ರಿಯಾಯಿತಿ ಕೊಟ್ಟು ಕಿತ್ತುಕೊಂಡದ್ದು ಈ ಅಂತರವನ್ನು ಹಿಗ್ಗಿಸಿತು. ಮಾರ್ತಾ ಕ್ರೆನ್‌ಶಾ 1981ರಲ್ಲಿ ಬಹುಕಾಲದ ಹಿನ್ನೆಲೆಯ ಕಾರಣಗಳನ್ನೂ ಕಿಡಿ ಹೊತ್ತಿಸುವ ತಕ್ಷಣದ ಕಾರಣಗಳನ್ನೂ ಬೇರ್ಪಡಿಸಿದರು. ಶರ್ತು ಪದ್ಧತಿ ಮೊದಲನೆಯ ಬಗೆಯದು. ಬಾಕಿ ತನಿಖೆಯೂ ಬೂದಿ ಬಸವಪ್ಪನ ಬರವೂ ಎರಡನೆಯವು. ಚಾರ್ಲ್ಸ್ ಟಿಲ್ಲಿ 1978ರ ಗ್ರಂಥದಲ್ಲಿ ಸಂಘಟನೆ, ಸಂಪನ್ಮೂಲ, ಅವಕಾಶಗಳಿಗೆ ಒತ್ತು ಕೊಟ್ಟರು. ಜನ ತಮಗೆ ಗೊತ್ತಿರುವ ಪ್ರತಿಭಟನೆಯ ರೂಪಗಳಿಂದಲೇ ಒಂದನ್ನು ಆರಿಸುತ್ತಾರೆ ಎಂಬುದನ್ನೂ ತೋರಿಸಿದರು.

1830ರ ನಗರದಲ್ಲಿ ಗೊತ್ತಿದ್ದ ರೂಪವೆಂದರೆ ಕೂಟ ಸೇರಿ, ಹಳೆಯ ಅರಸು ಮನೆತನದ ಹೆಸರು ಹಿಡಿದು, ಈಗಿನ ಅರಸನ ಅಧಿಕಾರವನ್ನು ನಿರಾಕರಿಸುವುದು. ಏಳು ವರ್ಷದ ಬಳಿಕ, 1837ರಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯ ಅಮರಸುಳ್ಯ ದಂಗೆಯಲ್ಲೂ ಅದೇ ರೂಪ ಕಾಣುತ್ತದೆ. ಅಲ್ಲಿ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕೆಂಬ ಕಂಪನಿಯ ಕಟ್ಟಳೆ ರೈತರನ್ನು ಕೆರಳಿಸಿತ್ತು. ಕೊಡಗನ್ನು ಆಳಿದ್ದ ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ ಎಂಬವನು ಮುಂದಾಳಾದ. ದಂಗೆಕೋರರು ಮಂಗಳೂರನ್ನು ಕೆಲವು ದಿನ ಹಿಡಿದಿದ್ದರು. ತಕರಾರು ಕಂದಾಯದ್ದು, ಬಾಯಲ್ಲಿದ್ದ ಹೆಸರು ಅಳಿದ ಅರಸು ಮನೆತನದ್ದು. ಆಳುವವನ ವಿರುದ್ಧ ಅಹವಾಲು ಒಯ್ಯಲು ಇನ್ನೊಬ್ಬ ಅರಸನ ಹೊರತು ಬೇರೆ ಬಾಗಿಲೇ ಕಾಣದ ಕಾಲ ಅದು.

1951ರ ಹೊತ್ತಿಗೆ ಬೇರೆ ಬಾಗಿಲುಗಳು ತೆರೆದಿದ್ದವು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಬಹುಪಾಲು ದೀವರ ಸಮುದಾಯದವರು, ಗೇಣಿ ಭತ್ತವನ್ನು ಜಮೀನ್ದಾರರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂದು ತಕರಾರು ತೆಗೆದರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತ ಸಂಘ ಕಟ್ಟಿಕೊಂಡಿತ್ತು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ಗುಂಪು ಗುಂಪಾಗಿ ಗದ್ದೆಗಿಳಿದು ಬಂಧನಕ್ಕೆ ಒಳಗಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್‌ನಲ್ಲಿ ಅದರ ನಾಯಕ ರಾಮ ಮನೋಹರ ಲೋಹಿಯಾ ಬಂದು ಬಂಧಿತರಾದರು. ಚಳವಳಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಸತ್ಯಾಗ್ರಹಿಗಳು ಕೇಳಿದ್ದು ಕೂಡಲೇ ಸಿಗಲಿಲ್ಲ. ಆದರೂ ಗೇಣಿಯ ಪ್ರಶ್ನೆ ರಾಜ್ಯದ ರಾಜಕಾರಣದ ನಡುಮನೆಗೆ ಬಂತು. 1974ರ ಮಾರ್ಚ್‌ನಿಂದ ಜಾರಿಯಾದ ಭೂಸುಧಾರಣೆಯ ಕಾನೂನು ಗೇಣಿ ಪದ್ಧತಿಯನ್ನೇ ರದ್ದುಮಾಡಿತು.

ಗೇಣಿದಾರನ ಬಡತನ 1830ರ ಒಕ್ಕಲಿನ ಬಡತನಕ್ಕಿಂತ ಕಡಿಮೆಯದಾಗಿತ್ತೆಂದು ಹೇಳಲು ಆಧಾರವಿಲ್ಲ. ಬದಲಾದದ್ದು ಸಂಘಟನೆಯ ರೂಪ, ಮತದಾನದ ಹಕ್ಕು, ಸ್ವಾತಂತ್ರ್ಯ ಹೋರಾಟದಿಂದ ಕಲಿತ ಸತ್ಯಾಗ್ರಹದ ವಿಧಾನ, ಮುಖ್ಯವಾಗಿ ಸಾಮೂಹಿಕ ಬಂಧನದ ರೂಪ ತಾಳಿದ ಸರ್ಕಾರದ ಪ್ರತಿಕ್ರಿಯೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಅಹಿಂಸಾತ್ಮಕ ಚಳವಳಿಗಳು ಗುರಿ ಮುಟ್ಟಿದ ಪ್ರಮಾಣ ಸಶಸ್ತ್ರ ಚಳವಳಿಗಳದಕ್ಕಿಂತ ಸುಮಾರು ಎರಡರಷ್ಟೆಂದು ಅವರು ಕಂಡರು. ಮುದುಕರು, ಹೆಂಗಸರು, ಸಂಸಾರವಂತರು ಸೇರಲು ಸಾಧ್ಯವಾಗುವುದರಿಂದ ಅಂಥ ಚಳವಳಿಯ ಬಲ ಹೆಚ್ಚುತ್ತದೆ ಎಂಬುದು ಅವರ ವಿವರಣೆ. ಯಾವುದನ್ನು ಅಹಿಂಸಾತ್ಮಕವೆಂದು ಲೆಕ್ಕಕ್ಕೆ ಹಿಡಿಯಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಇನ್ನೂ ನಡೆದಿದೆ.

ಮೂರನೆಯ ದಾರಿ ನಕ್ಸಲರದ್ದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆ 1987ರಲ್ಲಿ ಆರಂಭವಾಗಿ 2001ರಲ್ಲಿ ಅಂತಿಮಗೊಂಡಾಗ ಕಾಡಿನೊಳಗಿನ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭಯ ಹುಟ್ಟಿತು. ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಾರ್ಕಳದ ಕಡೆ ಬಹಿರಂಗ ಪ್ರತಿಭಟನೆಗಳು ನಡೆದವು. ಅದೇ ಪ್ರದೇಶದಲ್ಲಿ ನಕ್ಸಲ್ ತಂಡಗಳು ನೆಲೆ ಹುಡುಕಿದವು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಮುಂದಾಳು ಸಾಕೇತ್ ರಾಜನ್ ಹತರಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು. ಮುಂದಾಳನ್ನು ಕೊಂದರೆ ಹಿಂಸೆ ಕೂಡಲೇ ನಿಲ್ಲುತ್ತದೆಂಬ ಎಣಿಕೆ ಇಲ್ಲಿ ಹುಸಿಯಾಯಿತು.

ಸಾಕೇತ್ ರಾಜನ್ ಮೈಸೂರಿನಲ್ಲಿ ಬೆಳೆದು, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವರು. ‘ಸಾಕಿ’ ಎಂಬ ಹೆಸರಿನಲ್ಲಿ ‘ಮೇಕಿಂಗ್ ಹಿಸ್ಟರಿ’ ಎಂಬ ಎರಡು ಸಂಪುಟಗಳ ಕರ್ನಾಟಕದ ಇತಿಹಾಸ ಬರೆದರು. 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳೇ ಎರಡನೆಯ ಸಂಪುಟದ ವಸ್ತು. ಅಂದರೆ ನಗರ ಸೀಮೆಯ ಇತಿಹಾಸವನ್ನು ಬರೆದವರೇ ಅದೇ ಸೀಮೆಯಲ್ಲಿ ಬಂದೂಕು ಹಿಡಿದು, ಮುಂದಿನ ಅಧ್ಯಯನಗಳಿಗೆ ತಾವೇ ವಸ್ತುವಾದರು. ಸಶಸ್ತ್ರ ಗುಂಪುಗಳ ಮೊದಲ ಸಾಲಿನಲ್ಲಿ ವಿದ್ಯಾವಂತರಿರುವುದು ಲೋಕದ ಬೇರೆ ಕಡೆಗಳಲ್ಲೂ ಕಂಡದ್ದೇ. ಜನರ ನೋವನ್ನು ಒಂದು ಸಿದ್ಧಾಂತದ ಭಾಷೆಗೆ ತಿರುಗಿಸಿ, ಅದಕ್ಕೆ ಇದೊಂದೇ ದಾರಿ ಎಂದು ಹೇಳುವ ಕೆಲಸ ಹೆಚ್ಚಾಗಿ ಅವರದ್ದು.

ವ್ಯಕ್ತಿಯೊಬ್ಬ ಉಗ್ರವಾದದ ಕಡೆ ಹೇಗೆ ಸರಿಯುತ್ತಾನೆ ಎಂಬುದರ ಮೇಲೆ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸಂಶೋಧನೆ ಒಮ್ಮೆಲೇ ಹೆಚ್ಚಿತು. ಮಾರ್ಕ್ ಸೇಜ್‌ಮನ್ 2004ರಲ್ಲಿ 172 ಮಂದಿ ಜಿಹಾದಿಗಳ ವಿವರ ಪರಿಶೀಲಿಸಿ, ಬಡತನಕ್ಕಿಂತ ಗೆಳೆತನ ಮತ್ತು ನೆಂಟಸ್ತನ ಅವರನ್ನು ಗುಂಪಿಗೆ ಎಳೆದದ್ದೇ ಹೆಚ್ಚು ಎಂದರು. ಫತಾಲಿ ಮೊಗದ್ದಮ್ 2005ರಲ್ಲಿ ಇದನ್ನು ಮೇಲೇರಿದಂತೆ ಕಿರಿದಾಗುವ ಮೆಟ್ಟಿಲಿಗೆ ಹೋಲಿಸಿದರು: ಕೆಳ ಅಂತಸ್ತಿನಲ್ಲಿ ಲಕ್ಷಾಂತರ ಜನ, ಕೊನೆಯ ಅಂತಸ್ತಿನಲ್ಲಿ ಕೆಲವರು. ಕ್ಲಾರ್ಕ್ ಮೆಕಾಲೆ ಮತ್ತು ಸೋಫಿಯಾ ಮಾಸ್ಕಲೆಂಕೊ ಅಭಿಪ್ರಾಯವನ್ನೂ ಕೃತ್ಯವನ್ನೂ ಬೇರೆ ಬೇರೆಯಾಗಿ ಅಳೆಯಬೇಕೆಂದು ಹೇಳಿದರು. ಕಟುವಾದ ಮಾತಾಡುವ ಹೆಚ್ಚಿನವರು ಏನೂ ಮಾಡುವುದಿಲ್ಲ. ಕೃತ್ಯಕ್ಕಿಳಿಯುವ ಕೆಲವರಲ್ಲಿ ಗಟ್ಟಿ ಸಿದ್ಧಾಂತವೇ ಇರುವುದಿಲ್ಲ. ಮಲೆನಾಡಿನ ಮಟ್ಟಿಗೆ ಇದು ಮುಖ್ಯ. ಉದ್ಯಾನವನ್ನು ವಿರೋಧಿಸಿದವರು ದೊಡ್ಡ ಸಂಖ್ಯೆಯಲ್ಲಿದ್ದರು, ಕಾಡು ಸೇರಿದವರು ಬೆರಳೆಣಿಕೆಯವರು. ಮೊದಲನೆಯವರನ್ನೆಲ್ಲ ಎರಡನೆಯವರ ಸಾಲಿನಲ್ಲಿ ನಿಲ್ಲಿಸಿದರೆ ಅಧ್ಯಯನವೂ ತಪ್ಪುತ್ತದೆ, ಆಡಳಿತವೂ ತಪ್ಪುತ್ತದೆ.

ಹಿಂಸೆ ಮುಗಿಯುವ ಬಗೆಯೂ ಈಗ ಸಂಶೋಧನೆಯ ವಿಷಯ. ಆಡ್ರಿ ಕರ್ತ್ ಕ್ರೋನಿನ್ 2009ರ ಗ್ರಂಥದಲ್ಲಿ ಆರು ಬಗೆಗಳನ್ನು ಹೆಸರಿಸಿದರು: ನಾಯಕನ ಸೆರೆ ಅಥವಾ ಸಾವು, ಸಂಧಾನ, ಗುರಿ ಸಾಧನೆ, ಒಳಗಿನಿಂದಲೇ ಕುಸಿತ, ಬಲಪ್ರಯೋಗ, ಬೇರೊಂದು ರೂಪಕ್ಕೆ ತಿರುಗುವುದು. ಮಲೆನಾಡಿನಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಕೆಲಸ ಮಾಡಿದವು. ಗೆರಿಲ್ಲಾ ದಾರಿ ಕರ್ನಾಟಕಕ್ಕೆ ಹೊಂದುತ್ತದೆಯೇ ಎಂಬ ಭಿನ್ನಮತ ನಕ್ಸಲರ ಪಕ್ಷದೊಳಗೇ ಹುಟ್ಟಿ ಒಡಕಾಯಿತು. ಪೊಲೀಸ್ ಕಾರ್ಯಾಚರಣೆ ಮುಂದುವರಿಯಿತು. ಹೊಸಬರು ಸೇರುವುದು ನಿಂತಿತು, ಉಳಿದವರು ಕೇರಳದ ಗಡಿಯತ್ತ ಸರಿದರು. ನಾಗರಿಕರ ವೇದಿಕೆಯ ಮಧ್ಯಸ್ಥಿಕೆಯಿಂದ 2014ರ ಡಿಸೆಂಬರ್‌ನಲ್ಲಿ ನಕ್ಸಲ್ ಮುಂದಾಳುಗಳಾದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಆ ಪ್ರಯತ್ನದಲ್ಲಿದ್ದರು. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ಮುಂದಾಳು ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ನಕ್ಸಲರು ಶರಣಾದರು. ಆಯುಧ ಬಿಡುವುದು ಬೇರೆ, ನಂಬಿಕೆ ಬಿಡುವುದು ಬೇರೆ ಎಂದು ಜಾನ್ ಹೋರ್ಗನ್ ಅವರಂಥ ಮನೋವಿಜ್ಞಾನಿಗಳು ತೋರಿಸಿದ್ದಾರೆ. ಹೊರಬಂದವರಲ್ಲಿ ಅನೇಕರು ಹಳೆಯ ಬೇಡಿಕೆಯನ್ನು ಬಿಡದೆ ಹಳೆಯ ವಿಧಾನವನ್ನಷ್ಟೇ ಬಿಡುತ್ತಾರೆ.

ಈ ಅಧ್ಯಯನ ಕ್ಷೇತ್ರದ ಕೊರತೆಗಳೂ ಹಲವು. ಭಯೋತ್ಪಾದನೆಗೆ ಎಲ್ಲರೂ ಒಪ್ಪುವ ವ್ಯಾಖ್ಯೆ ಇಲ್ಲ. ಅಲೆಕ್ಸ್ ಸ್ಮಿಡ್ 1980ರ ದಶಕದಲ್ಲೇ 109 ವ್ಯಾಖ್ಯೆಗಳನ್ನು ಕಲೆಹಾಕಿದ್ದರು. ಭಾರತದಲ್ಲಿ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ 2004ರ ತಿದ್ದುಪಡಿ ಭಯೋತ್ಪಾದನೆಯ ಅಧ್ಯಾಯವನ್ನು ಸೇರಿಸಿತು. ಕಾನೂನಿನ ವ್ಯಾಖ್ಯೆ ಶಿಕ್ಷೆಗಾಗಿ, ಸಂಶೋಧನೆಯ ವ್ಯಾಖ್ಯೆ ಹೋಲಿಕೆಗಾಗಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಭಯೋತ್ಪಾದನಾ ದತ್ತಾಂಶ ಸಂಗ್ರಹ 1970ರಿಂದ ನಡೆದ ಘಟನೆಗಳನ್ನು ಮುಖ್ಯವಾಗಿ ಸುದ್ದಿ ವರದಿಗಳಿಂದ ದಾಖಲಿಸುತ್ತದೆ. ವರದಿಯಾಗದ ಹಿಂಸೆ ಅದಕ್ಕೆ ಸಿಗದು. ಸಂಶೋಧಕರು ಹಿಂಸೆಯಲ್ಲಿ ಭಾಗಿಯಾದವರನ್ನು ನೇರವಾಗಿ ಮಾತಾಡಿಸುವುದು ತೀರ ಕಡಿಮೆ ಎಂದು ಆಂಡ್ರ್ಯೂ ಸಿಲ್ಕ್ ಆಕ್ಷೇಪಿಸಿದ್ದರು. ಅಲ್ಪಾ ಶಾ ಜಾರ್ಖಂಡ್‌ನಲ್ಲಿ, ನಂದಿನಿ ಸುಂದರ್ ಬಸ್ತಾರ್‌ನಲ್ಲಿ ದೀರ್ಘ ಕ್ಷೇತ್ರಕಾರ್ಯ ನಡೆಸಿ ಈ ಕೊರತೆಯನ್ನು ಸ್ವಲ್ಪ ತುಂಬಿದ್ದಾರೆ. ಮಾಹಿತಿ ಕೊಟ್ಟವರಿಗೆ ಪೊಲೀಸರಿಂದಾಗಲಿ ಸಶಸ್ತ್ರ ಗುಂಪಿನಿಂದಾಗಲಿ ತೊಂದರೆಯಾಗದಂತೆ ನೋಡಿಕೊಳ್ಳುವುದು ಇಂಥ ಕೆಲಸದ ಮೊದಲ ಹೊಣೆ.

ಇನ್ನೊಂದು ದೊಡ್ಡ ಕೊರತೆ, ಹಿಂಸೆ ನಡೆದ ಊರುಗಳನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳುವುದು. ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲರ ನೆಲೆ ಇದ್ದದ್ದು ಪಶ್ಚಿಮದ ಘಟ್ಟದ ತಾಲ್ಲೂಕುಗಳಲ್ಲಿ. ಪೂರ್ವದ ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ, ಎಮ್ಮೆದೊಡ್ಡಿಯಂಥ ಊರುಗಳಲ್ಲಿ ಅದು ಬೇರು ಬಿಡಲಿಲ್ಲ. ಈ ಭಾಗಕ್ಕೆ ಬರಗಾಲ ಹೊಸದಲ್ಲ, ಅರಣ್ಯದ ಗಡಿ, ಕಾವಲು ಭೂಮಿ, ಬಗರ್‌ಹುಕುಂ ಸಾಗುವಳಿಯ ತಕರಾರುಗಳೂ ಹೊಸವಲ್ಲ. ಅವು ತಾಲ್ಲೂಕು ಕಚೇರಿಯ ಅರ್ಜಿ, ನ್ಯಾಯಾಲಯದ ದಾವೆ, ರಸ್ತೆಯ ಮೇಲಿನ ಧರಣಿಗಳಾಗಿ ಹರಿದವು. ತಂಡಗಳಿಗೆ ಅಡಗಲು ದಟ್ಟ ಕಾಡು ಇಲ್ಲದ್ದು ಒಂದು ಕಾರಣ. 1980ರ ನಂತರ ರೈತ ಸಂಘದ ಹೋರಾಟ ಬಹಿರಂಗ ಪ್ರತಿಭಟನೆಯನ್ನು ರೂಢಿಗೆ ತಂದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1830ರಲ್ಲಿ ಪಾಳೆಯಗಾರನ ಹಿಂದೆ ದಂಗೆ ಎದ್ದ ತರೀಕೆರೆಯಲ್ಲೇ 2005ರಲ್ಲಿ ಅದು ಏಕೆ ಏಳಲಿಲ್ಲ ಎಂದು ಕೇಳಿದಾಗ ಮಾತ್ರ ಕಾರಣಗಳ ತೂಕ ತಿಳಿಯುತ್ತದೆ.

ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಭೂಮಿಯ ತಕರಾರು ಮೂರರಲ್ಲೂ ಇತ್ತು, ಆದ್ದರಿಂದ ಅದೊಂದೇ ಹಿಂಸೆಯನ್ನು ವಿವರಿಸಲಾರದು. ತಕರಾರಿಗೂ ಆಯುಧಕ್ಕೂ ನಡುವೆ ಮೂರು ಸಂಗತಿಗಳಿವೆ: ಅಹವಾಲು ಕೇಳುವ ಬಾಗಿಲು ತೆರೆದಿದೆಯೇ, ಜನರನ್ನು ಕೂಡಿಸುವ ಸಂಘಟನೆ ಯಾವ ವಿಧಾನವನ್ನು ಮುಂದಿಡುತ್ತದೆ, ಸರ್ಕಾರ ಕೊಡುವ ಉತ್ತರ ತಪ್ಪಿತಸ್ಥನನ್ನೂ ಉಳಿದವರನ್ನೂ ಬೇರೆಬೇರೆಯಾಗಿ ಕಾಣುತ್ತದೆಯೇ. 1830ರಲ್ಲಿ ಮೂರಕ್ಕೂ ಸಿಕ್ಕ ಉತ್ತರ ಕೆಟ್ಟದಾಗಿತ್ತು. 1951ರಲ್ಲಿ ಮೂರಕ್ಕೂ ಬಹುಮಟ್ಟಿಗೆ ಒಳ್ಳೆಯ ಉತ್ತರ ಸಿಕ್ಕಿತು. 2003ರ ನಂತರ ಬಾಗಿಲು ಅರ್ಧ ತೆರೆದಿತ್ತು, ಸಂಘಟನೆ ಬಂದೂಕನ್ನು ಆರಿಸಿಕೊಂಡಿತು, ಸರ್ಕಾರದ ಉತ್ತರ ಗುಂಡಿನ ಚಕಮಕಿಯಿಂದ ಸಂಧಾನಕ್ಕೆ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಪೊಲೀಸರೂ ನಕ್ಸಲರೂ ಹಳ್ಳಿಗರೂ ಪ್ರಾಣ ತೆತ್ತರು.